ಹದಿನಾಲ್ಕೂವರೆ ಲಕ್ಷದ ಕಾರಿನೊಡನೆ ಏನೇನು ಬರುತ್ತದೆ? ದಾವಣಗೆರೆಯಲ್ಲಿ ಆರು ವಾರ ವಿಚಾರಿಸಿದವನ ಅನುಭವ

ಸಹಕಾರಿ ಬ್ಯಾಂಕೊಂದರಲ್ಲಿ ಸಾಲದ ಕಡತಗಳನ್ನು ಪರಿಶೀಲಿಸುವುದು ನನ್ನ ಉದ್ಯೋಗ. ಪಹಣಿ, ಋಣಭಾರ ಪತ್ರ, ಜಾಮೀನುದಾರರ ಸಂಬಳದ ಚೀಟಿ ಎಲ್ಲವನ್ನೂ ಸಾಲುಸಾಲಾಗಿ ಓದಿ, ಒಂದು ಸಹಿ ಕಡಿಮೆಯಿದ್ದರೂ ಕಡತವನ್ನು ಹಿಂದಕ್ಕೆ ಕಳುಹಿಸುವವನು ನಾನು. ಅಂಥವನೇ ಸ್ವಂತಕ್ಕೆ ವಿದ್ಯುತ್ ಕಾರು ಕೊಳ್ಳಲು ಹೋದಾಗ, ಷೋರೂಮಿನ ಹುಡುಗನ ಬಾಯಿಮಾತನ್ನು ನಂಬಿ ಬುಕಿಂಗ್ ಚೀಟಿಗೆ ಸಹಿ ಹಾಕುವ ಹಂತದವರೆಗೂ ಹೋಗಿದ್ದೆ. ಅಕ್ಟೋಬರ್ 22ರಂದು, ಬಲಿಪಾಡ್ಯಮಿಯ ದಿನ, ಕಾರು ಮನೆಗೆ ಬಂದಿದೆ. ನಡುವಿನ ಆರು ವಾರಗಳಲ್ಲಿ ಕಲಿತದ್ದನ್ನು ಮರೆಯುವ ಮುನ್ನ ಬರೆದಿಡುತ್ತಿದ್ದೇನೆ.

ಮೊದಲ ಸಲ ಷೋರೂಮಿಗೆ ಹೋದದ್ದು 2025ರ ಸೆಪ್ಟೆಂಬರ್ 6ರ ಶನಿವಾರ ಸಂಜೆ. ಸಣ್ಣ ಪೆಟ್ರೋಲ್ ಕಾರುಗಳ ಜಿಎಸ್‌ಟಿ 28ರಿಂದ 18ಕ್ಕೆ ಇಳಿಯಲಿದೆ ಎಂಬ ಸುದ್ದಿ ಆ ವಾರವಷ್ಟೇ ಬಂದಿತ್ತು. ವಿದ್ಯುತ್ ಕಾರಿನ ಮೇಲಿನ ತೆರಿಗೆ 2019ರ ಆಗಸ್ಟ್‌ನಿಂದಲೂ ಶೇ. 5 ಇದ್ದು, ಅದರಲ್ಲಿ ಬದಲಾವಣೆ ಇರಲಿಲ್ಲ. ಮನೆಯಲ್ಲಿ ಎಲ್ಲರೂ ಪೆಟ್ರೋಲ್ ಕಾರನ್ನೇ ತೆಗೆದುಕೊಳ್ಳೋಣ ಎನ್ನುತ್ತಿದ್ದರು. ಆದರೆ ವಾರಕ್ಕೊಮ್ಮೆ ಚನ್ನಗಿರಿ ತಾಲ್ಲೂಕಿನ ತೋಟಕ್ಕೆ ಹೋಗಿಬರುವ ನನಗೆ ತಿಂಗಳಿಗೆ ಸಾವಿರ ಕಿ.ಮೀ. ಓಡಾಟವಿದೆ. ಆ ಲೆಕ್ಕ ಮುಂದಿಟ್ಟುಕೊಂಡು ನಾನು ಹಟ ಹಿಡಿದೆ.

ಷೋರೂಮಿನಲ್ಲಿ ನಿಲ್ಲಿಸಿದ್ದ ಕಾರು ಕಣ್ಣು ಕೋರೈಸುವಂತಿತ್ತು. ಗಾಜಿನ ಚಾವಣಿ, ತಂಪುಗಾಳಿ ಬರುವ ಸೀಟು, ನಾಲ್ಕೂ ದಿಕ್ಕಿನ ಕ್ಯಾಮೆರಾ, ಮಿರುಗುವ ಅಲಾಯ್ ಚಕ್ರಗಳು. ಇದರಲ್ಲಿ ಯಾವುದು ಎಲ್ಲ ಕಾರಿಗೂ ಬರುತ್ತದೆ, ಯಾವುದು ಬರುವುದಿಲ್ಲ ಎಂದು ಕೇಳಿದಾಗ ಸೇಲ್ಸ್ ಹುಡುಗ ಹೇಳಿದ್ದು ಒಂದೇ ಮಾತು: "ಎಲ್ಲಾ ಸ್ಟ್ಯಾಂಡರ್ಡೇ ಸಾರ್." ಶಾಮನೂರು ರಸ್ತೆಯಲ್ಲಿ ಒಂದು ಸುತ್ತು ಓಡಿಸಿ ಬಂದ ಮೇಲೆ ನನಗೂ ಎಲ್ಲವೂ ಸ್ಟ್ಯಾಂಡರ್ಡ್ ಅನಿಸತೊಡಗಿತು. ಶಬ್ದವೇ ಇಲ್ಲದೆ ಮುನ್ನುಗ್ಗುವ ಕಾರಿನಲ್ಲಿ ಕುಳಿತ ಹತ್ತು ನಿಮಿಷಗಳಲ್ಲಿ ಬುದ್ಧಿ ಸ್ವಲ್ಪ ಮಂಕಾಗುತ್ತದೆ. ಆಗಲೇ ಇಪ್ಪತ್ತೊಂದು ಸಾವಿರ ರೂಪಾಯಿ ಕಟ್ಟಿಬಿಡಲು ಸಿದ್ಧನಿದ್ದೆ. ತಡೆದವಳು ಹೆಂಡತಿ. ಸೋಮವಾರದಿಂದ ಪಿತೃಪಕ್ಷ, ಮಹಾಲಯ ಅಮಾವಾಸ್ಯೆ ಕಳೆಯುವವರೆಗೆ ಹೊಸ ವಸ್ತುವಿನ ಮಾತೇ ಬೇಡ ಎಂದಳು. ಶಾಸ್ತ್ರದ ಮೇಲೆ ನನಗೆ ಅಷ್ಟೇನೂ ನಂಬಿಕೆಯಿಲ್ಲ. ಆದರೂ ಆ ಹದಿನೈದು ದಿನಗಳ ತಡೆಯೇ ನನ್ನನ್ನು ಉಳಿಸಿತು.

ಮನೆಗೆ ಬಂದು ಮಾಹಿತಿಪುಸ್ತಿಕೆಯನ್ನು ಬಿಡಿಸಿ ನೋಡಿದೆ. ಕೊನೆಯ ಎರಡು ಪುಟಗಳಲ್ಲಿ ಇರುವೆ ಸಾಲಿನಂತಹ ಅಕ್ಷರಗಳಲ್ಲಿ ಒಂದು ಕೋಷ್ಟಕ, ಅಲ್ಲಿ ನಾಲ್ಕು ವೇರಿಯಂಟುಗಳಿಗೆ, ಅಂದರೆ ಒಂದೇ ಕಾರಿನ ನಾಲ್ಕು ದರ್ಜೆಗಳಿಗೆ, ನಾಲ್ಕು ಕಾಲಂ. ತುಂಬಿದ ಚುಕ್ಕೆ ಇದ್ದರೆ ಆ ಸಲಕರಣೆ ಕಾರಿನ ಬೆಲೆಯಲ್ಲೇ ಸೇರಿದೆ, ಖಾಲಿ ವೃತ್ತ ಇದ್ದರೆ ಹೆಚ್ಚಿನ ಹಣ ಕೊಟ್ಟು ಪಡೆಯಬಹುದು, ಅಡ್ಡಗೆರೆ ಇದ್ದರೆ ಆ ವೇರಿಯಂಟಿಗೆ ಅದು ಇಲ್ಲವೇ ಇಲ್ಲ. ಷೋರೂಮಿನಲ್ಲಿ ನಾನು ನೋಡಿದ್ದು ನಾಲ್ಕನೆಯ ಕಾಲಮ್ಮಿನ ಕಾರು, ನನ್ನ ಜೇಬಿಗೆ ಹೊಂದುವುದು ಎರಡನೆಯದು. ಬೆರಳಿಟ್ಟು ಇಳಿಯುತ್ತ ಹೋದರೆ ಚಾವಣಿಗೆ ಅಡ್ಡಗೆರೆ, ತಂಪು ಸೀಟಿಗೆ ಅಡ್ಡಗೆರೆ. ಅಲಾಯ್ ಚಕ್ರದ ಜಾಗದಲ್ಲಿ ಉಕ್ಕಿನ ಚಕ್ರ ಮತ್ತು ಪ್ಲಾಸ್ಟಿಕ್ ಮುಚ್ಚಳ. ಪುಟದ ಬುಡದಲ್ಲಿ ನಕ್ಷತ್ರದ ಗುರುತು ಹಾಕಿ, ಚಿತ್ರದಲ್ಲಿರುವ ಸಲಕರಣೆಗಳು ಎಲ್ಲ ಕಾರುಗಳಲ್ಲೂ ಇರಬೇಕಿಲ್ಲ, ಮುನ್ಸೂಚನೆಯಿಲ್ಲದೆ ಬದಲಾಗಬಹುದು ಎಂದು ಕೈ ತೊಳೆದುಕೊಂಡಿದ್ದರು.

ಇಲ್ಲಿ ಒಂದು ಮುಖ್ಯ ಮಾತು. ಷೋರೂಮಿನಲ್ಲಿ ಕೊಟ್ಟ ಪುಸ್ತಿಕೆಗೂ ಅದೇ ಕಂಪನಿಯ ಜಾಲತಾಣದಿಂದ ಇಳಿಸಿಕೊಂಡ ಪುಸ್ತಿಕೆಗೂ ಮೂರು ಕಡೆ ತಾಳೆಯಾಗಲಿಲ್ಲ. ಹಿಂದಿನ ವರ್ಷದ ಪುಸ್ತಿಕೆಯನ್ನೇ ನನಗೆ ಕೊಟ್ಟಿದ್ದರು. ಹಳೆಯದರಲ್ಲಿ ಸ್ಟೆಪ್ನಿ ಇತ್ತು. ಹೊಸದರಲ್ಲಿ ಅದನ್ನು ತೆಗೆದು ಪಂಕ್ಚರ್ ಕಿಟ್ ಎಂದು ಬರೆದಿದ್ದರು. ಪುಸ್ತಿಕೆಯ ಹಿಂಬದಿಯ ಮೂಲೆಯಲ್ಲಿ ಮುದ್ರಣದ ತಿಂಗಳು ಮತ್ತು ವರ್ಷ ಇರುತ್ತದೆ. ಅದನ್ನು ಮೊದಲು ನೋಡಿ.

ಬ್ಯಾಂಕಿನ ಹಳೆಯ ಲೆಡ್ಜರ್ ಹಾಳೆಯೊಂದನ್ನು ತೆಗೆದುಕೊಂಡು ನನ್ನದೇ ಕೋಷ್ಟಕ ಮಾಡತೊಡಗಿದೆ. ಎರಡು ದಿನ ಬರೆದ ಮೇಲೆ ತಿಳಿದದ್ದು, ಸ್ಟ್ಯಾಂಡರ್ಡ್ ಎಂಬ ಒಂದೇ ಪದದ ಹಿಂದೆ ಮೂರು ಬೇರೆ ಬೇರೆ ಸಂಗತಿಗಳು ಅಡಗಿವೆ ಎಂಬುದು. ಕಾನೂನು ಕಡ್ಡಾಯ ಮಾಡಿರುವುದು ಒಂದು, ಕಂಪನಿ ತಾನಾಗಿ ಆ ವೇರಿಯಂಟಿಗೆ ಕೊಡುವುದು ಇನ್ನೊಂದು, ಷೋರೂಮಿನವರು "ಎಲ್ಲರೂ ಹಾಕಿಸುತ್ತಾರೆ" ಎಂದು ಬಿಲ್ಲಿಗೆ ಸೇರಿಸುವುದು ಮತ್ತೊಂದು. ಮಾತಿನ ಭರದಲ್ಲಿ ಮೂರಕ್ಕೂ ಅದೇ ಪದ ಬಳಸುತ್ತಾರೆ.

ಕಾನೂನಿನದನ್ನು ಮೊದಲು ಬೇರ್ಪಡಿಸಿದೆ. ಚಕ್ರ ಬಿಗಿದು ಜಾರದಂತೆ ತಡೆಯುವ ಎಬಿಎಸ್ ಬ್ರೇಕು 2019ರ ಏಪ್ರಿಲ್‌ನಿಂದ ಎಲ್ಲ ಹೊಸ ಕಾರುಗಳಿಗೂ ಕಡ್ಡಾಯ. ಚಾಲಕನ ಏರ್‌ಬ್ಯಾಗು, ಸೀಟ್ ಬೆಲ್ಟ್ ನೆನಪಿಸುವ ಗಂಟೆ, ಹಿಂದಕ್ಕೆ ತೆಗೆಯುವಾಗ ಎಚ್ಚರಿಸುವ ಸೆನ್ಸರು, 80 ಕಿ.ಮೀ. ವೇಗ ದಾಟಿದರೆ ಕೂಗಿ 120 ದಾಟಿದರೆ ನಿಲ್ಲದೆ ಕೂಗುವ ಸೂಚನೆ, ಇವೆಲ್ಲ ಅದೇ ವರ್ಷದ ಜುಲೈಯಿಂದ ಕಡ್ಡಾಯವಾದವು. ಮುಂದಿನ ಪ್ರಯಾಣಿಕನ ಏರ್‌ಬ್ಯಾಗು ಆಮೇಲೆ ಸೇರಿತು. ನನಗೆ ಕೊಟ್ಟ ಪುಸ್ತಿಕೆಯಲ್ಲಿ ಇವನ್ನೆಲ್ಲ ದೊಡ್ಡ ಅಕ್ಷರದಲ್ಲಿ ಕಂಪನಿಯ ಔದಾರ್ಯವೆಂಬಂತೆ ಪಟ್ಟಿ ಮಾಡಿದ್ದರು. ಇವನ್ನು ಹೊಡೆದುಹಾಕಿದರೆ ಆ ಉದ್ದದ ಪಟ್ಟಿ ಅರ್ಧಕ್ಕೆ ಇಳಿಯುತ್ತದೆ. ಉಳಿದದ್ದನ್ನು ಮಾತ್ರ ಬೇರೆ ಕಾರುಗಳೊಂದಿಗೆ ಹೋಲಿಸಿದರೆ ಸಾಕು. ಸ್ಟೆಪ್ನಿ ಇಲ್ಲದಿರುವುದು ಅಕ್ರಮವೇನೂ ಅಲ್ಲ. ಟ್ಯೂಬ್‌ಲೆಸ್ ಟೈರು, ಗಾಳಿಯ ಒತ್ತಡ ತೋರಿಸುವ ವ್ಯವಸ್ಥೆ ಮತ್ತು ಪಂಕ್ಚರ್ ಕಿಟ್ ಕೊಟ್ಟರೆ ಸ್ಟೆಪ್ನಿ ಕೊಡಬೇಕಿಲ್ಲವೆಂದು 2020ರಲ್ಲೇ ನಿಯಮಕ್ಕೆ ತಿದ್ದುಪಡಿಯಾಗಿದೆ. ತೋಟದ ಕಲ್ಲುಹಾದಿಯಲ್ಲಿ ಟೈರಿನ ಪಕ್ಕೆಯೇ ಸೀಳಿದರೆ ಆ ಕಿಟ್ಟಿನಿಂದ ಪ್ರಯೋಜನವಿಲ್ಲ ಎಂಬುದು ಬೇರೆ ವಿಚಾರ. ಅಪಘಾತ ಪರೀಕ್ಷೆಯ ನಕ್ಷತ್ರಗಳ ವಿಷಯಕ್ಕೂ ಇದೇ ಎಚ್ಚರ ಬೇಕು. ನಕ್ಷತ್ರ ಕೊಡುವ ನಮ್ಮ ದೇಶದ ಪರೀಕ್ಷೆ ಭಾರತ್ ಎನ್‌ಕ್ಯಾಪ್ 2023ರ ಅಕ್ಟೋಬರ್‌ನಲ್ಲಿ ಆರಂಭವಾಯಿತು. ಫಲಿತಾಂಶದ ಹಾಳೆಯಲ್ಲಿ ಯಾವ ವೇರಿಯಂಟನ್ನು ಪರೀಕ್ಷಿಸಿದರು ಎಂಬುದನ್ನೂ ಓದಿಕೊಳ್ಳಿ.

ಎರಡನೆಯ ವರ್ಗದಲ್ಲಿ ನಾನು ಎಡವಿದ್ದು ಸೌಲಭ್ಯ ಮತ್ತು ಸಲಕರಣೆಯ ವ್ಯತ್ಯಾಸದಲ್ಲಿ. ಕಾರಿನ ಬ್ಯಾಟರಿಯಿಂದಲೇ ಹೊರಗಿನ ಉಪಕರಣ ನಡೆಸುವ ವಿ2ಎಲ್ ಎಂಬ ಸೌಲಭ್ಯಕ್ಕೆ ನನ್ನ ಕಾಲಮ್ಮಿನಲ್ಲೂ ತುಂಬಿದ ಚುಕ್ಕೆ ಇತ್ತು. ತೋಟದ ಮನೆಯಲ್ಲಿ ಕರೆಂಟು ಹೋದಾಗ ದೀಪ, ಫ್ಯಾನು, ಮಿಕ್ಸಿ ನಡೆಸಬಹುದೆಂದು ಮನಸ್ಸಿನಲ್ಲೇ ಮಂಡಿಗೆ ತಿಂದಿದ್ದೆ. ಆದರೆ ಚುಕ್ಕೆ ಇದ್ದದ್ದು ಸೌಲಭ್ಯಕ್ಕೆ ಮಾತ್ರ. ಕಾರಿನ ಚಾರ್ಜಿಂಗ್ ಬಾಯಿಗೆ ಸಿಕ್ಕಿಸುವ ಅಡಾಪ್ಟರನ್ನು ಬೇರೆಯಾಗಿ ಒಂಬತ್ತು ಸಾವಿರ ಕೊಟ್ಟು ಕೊಳ್ಳಬೇಕು. ಮೊಬೈಲಿನಿಂದ ಏ.ಸಿ. ಹಾಕುವ ಆ್ಯಪ್‌ನದೂ ಅದೇ ಕಥೆ: ಇದೆ, ಆದರೆ ಉಚಿತ ಮೂರು ವರ್ಷ ಮಾತ್ರ. ಸಾರ್ವಜನಿಕ ಚಾರ್ಜಿಂಗ್ ಕೇಂದ್ರಗಳಲ್ಲಿ ಡಿ.ಸಿ. ಫಾಸ್ಟ್ ಚಾರ್ಜರಿಗೆ ಕೇಬಲ್ ಅವರದೇ ಇರುತ್ತದೆ. ಆದರೆ ಕೆಲವು ನಿಧಾನದ ಏ.ಸಿ. ಕೇಂದ್ರಗಳಲ್ಲಿ ಬರಿಯ ಸಾಕೆಟ್ ಇರುತ್ತದೆ, ಎರಡೂ ತುದಿಗೆ ಟೈಪ್ 2 ಎಂಬ ಏ.ಸಿ. ಚಾರ್ಜಿಂಗ್ ಪ್ಲಗ್ಗಿರುವ ಕೇಬಲನ್ನು ನಾವೇ ಒಯ್ಯಬೇಕು. ಅದು ಯಾವ ವೇರಿಯಂಟಿನ ಕಾಲಮ್ಮಿನಲ್ಲೂ ಇರಲಿಲ್ಲ.

ಇಷ್ಟೆಲ್ಲ ಗೊತ್ತಾದ ಮೇಲೆ ಹದಿನಾಲ್ಕು ಪ್ರಶ್ನೆಗಳನ್ನು ಬರೆದು ಕಂಪನಿಯ ಗ್ರಾಹಕ ವಿಭಾಗಕ್ಕೆ ಇ-ಮೇಲ್ ಕಳುಹಿಸಿದೆ. ವೇರಿಯಂಟಿನ ಪೂರ್ಣ ಹೆಸರು, ಬ್ಯಾಟರಿಯ ಸಾಮರ್ಥ್ಯ, ಬಣ್ಣ ಇಷ್ಟನ್ನೂ ಮೊದಲ ಸಾಲಿನಲ್ಲೇ ಬರೆದೆ, ಇಲ್ಲದಿದ್ದರೆ ಸುತ್ತುಬಳಸಿದ ಉತ್ತರ ಬರುತ್ತದೆ. ನಾಲ್ಕನೆಯ ದಿನ ಉತ್ತರ ಬಂತು. ಹನ್ನೊಂದು ಪ್ರಶ್ನೆಗಳಿಗೆ ಸ್ಪಷ್ಟವಾಗಿ ಹೌದು ಅಥವಾ ಇಲ್ಲ ಎಂದಿದ್ದರು, ಮೂರಕ್ಕೆ "ನಿಮ್ಮ ಡೀಲರನ್ನು ಸಂಪರ್ಕಿಸಿ" ಎಂದಿದ್ದರು. ಆ ಇ-ಮೇಲಿನ ಮುದ್ರಿತ ಪ್ರತಿ ಮುಂದೆ ನನಗೆ ಬ್ರಹ್ಮಾಸ್ತ್ರವೇ ಆಯಿತು.

ಆ ಹದಿನೈದು ದಿನಗಳಲ್ಲೇ ಮನೆಯ ವಿದ್ಯುತ್ತಿನ ಲೆಕ್ಕವನ್ನೂ ಮಾಡಿದೆ. ಯಾವ ಚಾರ್ಜರ್ ಸ್ಟ್ಯಾಂಡರ್ಡ್ ಎಂಬ ಪ್ರಶ್ನೆಗೂ ಮನೆಯ ಮೀಟರಿಗೂ ನೇರ ಸಂಬಂಧವಿದೆ. ನನ್ನ ವೇರಿಯಂಟಿಗೆ ಬೆಲೆಯಲ್ಲಿ ಸೇರಿದ್ದು ಮೂರು ಪಿನ್ನಿನ, ಒಯ್ಯಬಹುದಾದ 3.3 ಕಿಲೋವ್ಯಾಟ್ ಚಾರ್ಜರ್. ಗೋಡೆಗೆ ಕೂರಿಸುವ 7.2 ಕಿಲೋವ್ಯಾಟ್ ಪೆಟ್ಟಿಗೆಗೆ ಅಳವಡಿಕೆಯೂ ಸೇರಿ ಐವತ್ತು ಸಾವಿರ ಹೇಳಿದರು. ವಿದ್ಯಾನಗರದ ನಮ್ಮ ಮನೆಗೆ ಬೆಸ್ಕಾಂ ಮಂಜೂರು ಮಾಡಿರುವ ಲೋಡು, ಅಂದರೆ ಒಮ್ಮೆಗೆ ಎಳೆಯಬಹುದಾದ ವಿದ್ಯುತ್ತಿನ ಮಿತಿ, 3 ಕಿಲೋವ್ಯಾಟ್. ಆ ಪೆಟ್ಟಿಗೆಯೊಂದೇ ಅದರ ಎರಡು ಪಟ್ಟಿಗಿಂತ ಹೆಚ್ಚು ಎಳೆಯುತ್ತದೆ. 45 ಯೂನಿಟ್ ಹಿಡಿಯುವ ಬ್ಯಾಟರಿಯನ್ನು ಶೇ. 10ರಿಂದ ಪೂರ್ತಿ ತುಂಬಲು ಚಿಕ್ಕ ಚಾರ್ಜರಿಗೆ ಹದಿಮೂರು ಹದಿನಾಲ್ಕು ಗಂಟೆ ಬೇಕು, ದೊಡ್ಡದಕ್ಕೆ ಆರು. ವಾರಕ್ಕೆರಡು ಸಲ ರಾತ್ರಿ ಚಾರ್ಜಿಗೆ ಹಾಕುವ ನನಗೆ ಚಿಕ್ಕದೇ ಸಾಕೆಂದು ತೀರ್ಮಾನಿಸಿ, ಅದಕ್ಕೂ ಲೋಡು ಸಾಲದಾದ್ದರಿಂದ 5 ಕಿಲೋವ್ಯಾಟಿಗೆ ಏರಿಸಲು ಅರ್ಜಿ ಕೊಟ್ಟೆ. ಮೀಟರಿನಿಂದ ಕಾರು ನಿಲ್ಲುವ ಜಾಗದವರೆಗೆ ಪ್ರತ್ಯೇಕ ದಪ್ಪ ತಂತಿ, ಲೋಡು ಮೀರಿದರೆ ವಿದ್ಯುತ್ ಕಡಿಯುವ ಎಂಸಿಬಿ, ವಿದ್ಯುತ್ ಸೋರಿದರೆ ಕಡಿಯುವ ಆರ್‌ಸಿಸಿಬಿ, ಹೊಸ ಅರ್ಥಿಂಗ್ ಗುಂಡಿ ಎಲ್ಲಕ್ಕೂ 9,800 ರೂಪಾಯಿ ಖರ್ಚಾಯಿತು. ಅರ್ಥಿಂಗ್ ಸರಿಯಿಲ್ಲದಿದ್ದರೆ ಈ ಚಾರ್ಜರು ಕೆಂಪು ದೀಪ ತೋರಿಸಿ ಮುಷ್ಕರ ಹೂಡುತ್ತದೆ. ಹಳೆಯ ಮನೆಗಳಲ್ಲಿ ಇದೇ ಮೊದಲ ತೊಡಕು ಎಂದು ಎಲೆಕ್ಟ್ರೀಷಿಯನ್ ಹೇಳಿದ.

ಗೃಹಜ್ಯೋತಿಯ ಫಲಾನುಭವಿಗಳು ಇನ್ನೊಂದು ಲೆಕ್ಕ ಹಾಕಿಕೊಳ್ಳಬೇಕು. ನಮ್ಮ ಮನೆಯ ಬಳಕೆ ತಿಂಗಳಿಗೆ ಸುಮಾರು 110 ಯೂನಿಟ್. ಸಾವಿರ ಕಿ.ಮೀ. ಓಡಿಸಲು ನಷ್ಟವೂ ಸೇರಿ 160 ಯೂನಿಟ್ ಬೇಕು. ಒಟ್ಟು 200 ದಾಟಿತೆಂದರೆ ಉಚಿತವೆಂಬುದು ಹೋಗಿ ಪೂರ್ತಿ ಬಿಲ್ಲನ್ನು ಕಟ್ಟಬೇಕಾಗುತ್ತದೆ. ಷೋರೂಮಿನಲ್ಲಿ ಕಿ.ಮೀ.ಗೆ ಒಂದು ರೂಪಾಯಿ ಎಂದು ತೋರಿಸುವ ಹಾಳೆಯಲ್ಲಿ ಈ ಸಾಲು ಇರುವುದಿಲ್ಲ.

ಸೆಪ್ಟೆಂಬರ್ 22, ನವರಾತ್ರಿಯ ಮೊದಲ ದಿನ, ಬುಕಿಂಗಿಗೆ ಹೋದೆ. ಪೆಟ್ರೋಲ್ ಕಾರಿನ ತೆರಿಗೆ ಇಳಿದದ್ದೂ ಅದೇ ದಿನವಾದ್ದರಿಂದ ಷೋರೂಮಿನಲ್ಲಿ ಜಾತ್ರೆ. ಎರಡು ಗಂಟೆ ಕಾದ ಮೇಲೆ ಕೈಗೆ ಬಂದ ಕೊಟೇಶನ್ನಿನಲ್ಲಿ ಎಕ್ಸ್‌ಷೋರೂಂ ಬೆಲೆ (ನೋಂದಣಿ, ವಿಮೆ ಸೇರದ ಬೆಲೆ) 14,49,000. ಅದರ ಕೆಳಗೆ ಮೂರನೆಯ ವರ್ಗದ ಸ್ಟ್ಯಾಂಡರ್ಡ್ ಸಾಲುಗಟ್ಟಿ ನಿಂತಿತ್ತು. "ಎಸೆನ್ಷಿಯಲ್ ಕಿಟ್" ಎಂದು 27,900 ರೂಪಾಯಿ ಹಾಕಿದ್ದರು. ಬಿಡಿಸಿ ಹೇಳಿರೆಂದಾಗ ಕಾಲಡಿಯ ಮ್ಯಾಟು, ಮಡ್ ಫ್ಲ್ಯಾಪು, ಹೊದಿಕೆ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಎಚ್ಚರಿಕೆಯ ಕೆಂಪು ತ್ರಿಕೋನ, ಟೈರಿಗೆ ಗಾಳಿ ತುಂಬುವ ಪಂಪು ಎಂದರು. ಕೊನೆಯ ಮೂರೂ ಕಾರಿನೊಂದಿಗೆ ಬರುತ್ತವೆಂದು ಕಂಪನಿಯೇ ಬರೆದುಕೊಟ್ಟ ಇ-ಮೇಲನ್ನು ಮೇಜಿನ ಮೇಲಿಟ್ಟೆ. ಹುಡುಗ ಒಳಗೆ ಹೋಗಿ ಬಂದ. ಕಿಟ್ ಐಚ್ಛಿಕವಾಯಿತು, ನಾನು 6,200ಕ್ಕೆ ಮ್ಯಾಟು ಮತ್ತು ಮಡ್ ಫ್ಲ್ಯಾಪು ಮಾತ್ರ ಇಟ್ಟುಕೊಂಡೆ.

ಉಳಿದ ಸಾಲುಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಹತ್ತು ಲಕ್ಷ ಮೀರಿದ ಕಾರಿಗೆ ಶೇ. 1 ಟಿಸಿಎಸ್ (ಮಾರುವವರೇ ವಸೂಲಿ ಮಾಡಿ ಸರ್ಕಾರಕ್ಕೆ ಕಟ್ಟುವ ಆದಾಯ ತೆರಿಗೆ) ಹಿಡಿಯುತ್ತಾರೆ, ನನಗೆ 14,490 ಬಿತ್ತು. ಇದು ಕಳೆದುಹೋದ ಹಣವಲ್ಲ, ಆದಾಯ ತೆರಿಗೆ ರಿಟರ್ನಿನಲ್ಲಿ ಹೊಂದಿಸಿಕೊಳ್ಳಬಹುದು, ಪಾನ್ ಸಂಖ್ಯೆ ಸರಿಯಿರಬೇಕು ಅಷ್ಟೇ. 2024ರಲ್ಲಿ ರಾಜ್ಯ ಸರ್ಕಾರ ಜೀವಿತಾವಧಿ ತೆರಿಗೆ ಹಾಕಿದ್ದು 25 ಲಕ್ಷ ಮೀರಿದ ವಿದ್ಯುತ್ ಕಾರುಗಳಿಗೆ, ಹಾಗಾಗಿ ನನಗೆ ಅದು ಬರಲಿಲ್ಲ. ಆದರೂ "ಆರ್‌ಟಿಒ ವೆಚ್ಚ" ಎಂದು ಒಂದು ಗುಂಡು ಮೊತ್ತ ಇತ್ತು. ಬ್ಯಾಟರಿ ವಾಹನಗಳ ನೋಂದಣಿ ಪತ್ರದ ಶುಲ್ಕವನ್ನು ಕೇಂದ್ರ ಸರ್ಕಾರ 2021ರ ಆಗಸ್ಟ್‌ನಲ್ಲೇ ಮನ್ನಾ ಮಾಡಿದೆಯಲ್ಲ ಎಂದು ಕೇಳಿ ರಸೀದಿವಾರು ವಿವರ ಬೇಡಿದಾಗ ಮೊತ್ತ ಮೂರನೇ ಒಂದು ಭಾಗಕ್ಕೆ ಇಳಿಯಿತು. ವಿಮೆಯನ್ನು ಷೋರೂಮಿನಲ್ಲೇ ಮಾಡಿಸಬೇಕೆಂಬ ಕಡ್ಡಾಯವಿಲ್ಲ. ಹೊರಗಿನ ದರಪಟ್ಟಿ ತೋರಿಸಿದ್ದಕ್ಕೆ ಅವರೇ 17,000 ಇಳಿಸಿದರು. ಸಾಲದ ಬಡ್ಡಿಗೆ ಒಂದೂವರೆ ಲಕ್ಷದವರೆಗೆ ತೆರಿಗೆ ವಿನಾಯಿತಿ ಇದೆ ಎಂದು ಹುಡುಗ ಹುರುಪಿನಿಂದ ಹೇಳಿದ. ಅದು 2023ರ ಮಾರ್ಚ್ 31ರೊಳಗೆ ಮಂಜೂರಾದ ಸಾಲಗಳಿಗೆ ಮಾತ್ರ ಎಂಬುದು ಬ್ಯಾಂಕಿನವನಾದ ನನಗೆ ಗೊತ್ತಿತ್ತು, ಪಾಪ, ಅವನಿಗೆ ಗೊತ್ತಿರಲಿಲ್ಲ.

ಬುಕಿಂಗ್ ಫಾರಂನ ಖಾಲಿ ಜಾಗದಲ್ಲಿ ಸಲಕರಣೆಗಳ ಪಟ್ಟಿಯನ್ನು ನಾನೇ ಕೈಬರಹದಲ್ಲಿ ಬರೆದು, ಷೋರೂಮಿನ ಮೊಹರು ಹಾಕಿಸಿಕೊಂಡೆ. ಮ್ಯಾನೇಜರಿಗೆ ಇದು ಸಿಟ್ಟು ತರಿಸಿತು. ತರಿಸಲಿ.

ಆಯುಧಪೂಜೆಗೆ ಕಾರು ಬರಲಿಲ್ಲ. ಅಂದು ಹಳೆಯ ಸ್ಕೂಟರಿಗೇ ಬೂದುಗುಂಬಳ ಒಡೆದದ್ದಾಯಿತು. ಅಕ್ಟೋಬರ್ 11ರಂದು ಕಾರು ಯಾರ್ಡಿಗೆ ಬಂದಿದೆಯೆಂದು ಫೋನ್ ಬಂತು. ಪೂರ್ತಿ ಹಣ ಕಟ್ಟುವ ಮುನ್ನ, ನೋಂದಣಿಗೂ ಮುನ್ನ ಕಾರನ್ನು ನೋಡಬೇಕೆಂದು ಪಟ್ಟು ಹಿಡಿದೆ. ನೋಂದಣಿಯಾದ ಮೇಲೆ ಕೊರತೆ ಕಂಡರೆ ನಮ್ಮ ಮಾತಿಗೆ ತೂಕವಿರುವುದಿಲ್ಲ.

ಊರ ಹೊರಗಿನ ಯಾರ್ಡಿನಲ್ಲಿ ಧೂಳು ಮೆತ್ತಿಕೊಂಡು ನಿಂತಿದ್ದ ನನ್ನ ಕಾರು ಕೀಲಿಯ ಗುಂಡಿ ಎಷ್ಟು ಒತ್ತಿದರೂ ಬಾಗಿಲು ತೆರೆಯಲಿಲ್ಲ. ಎದೆ ಧಸಕ್ಕೆಂದಿತು. ಹದಿನಾಲ್ಕೂವರೆ ಲಕ್ಷದ ವಸ್ತು ಕಲ್ಲಿನಂತೆ ಕುಳಿತಿದೆ. ಯಾರ್ಡಿನ ಮೆಕ್ಯಾನಿಕ್ ನಿಧಾನವಾಗಿ ಬಂದು, ಕೀಲಿಯ ಡಬ್ಬಿಯ ಪಕ್ಕದ ಸಣ್ಣ ಕೊಂಡಿ ಒತ್ತಿ, ಒಳಗಿನಿಂದ ಕಿರುಬೆರಳಿನಷ್ಟು ಉದ್ದದ ಉಕ್ಕಿನ ಕೀಲಿಯನ್ನು ಹೊರಗೆಳೆದ. ಬಾಗಿಲ ಹಿಡಿಯ ತುದಿಯ ಮುಚ್ಚಳವನ್ನು ಉಗುರಿನಿಂದ ಎಬ್ಬಿಸಿ, ಅದರ ಹಿಂದಿದ್ದ ರಂಧ್ರಕ್ಕೆ ತೂರಿಸಿ ತಿರುಗಿಸಿದ. ವಿದ್ಯುತ್ ಕಾರಿನಲ್ಲೂ ಬೇರೆ ಕಾರುಗಳಲ್ಲಿರುವಂಥ 12 ವೋಲ್ಟಿನ ಸಣ್ಣ ಬ್ಯಾಟರಿಯೊಂದಿರುತ್ತದೆ. ಬಾಗಿಲು, ದೀಪ, ಪರದೆ ಎಲ್ಲ ಅದರ ಬಲದಿಂದಲೇ ಎಚ್ಚರಗೊಳ್ಳುತ್ತವೆ. ವಾರಗಟ್ಟಲೆ ನಿಂತ ಕಾರಿನಲ್ಲಿ ಅದು ಬರಿದಾಗಿತ್ತು, ದೊಡ್ಡ ಬ್ಯಾಟರಿಯಲ್ಲಿ ಶೇ. 38 ಚಾರ್ಜ್ ಇದ್ದರೂ ಉಪಯೋಗಕ್ಕೆ ಬರಲಿಲ್ಲ. ಆ ಉಕ್ಕಿನ ಕೀಲಿ ಎರಡು ಸೆಟ್ಟುಗಳಲ್ಲೂ ಇದೆಯೇ ಎಂಬುದನ್ನು ಪಟ್ಟಿಗೆ ಸೇರಿಸಿದೆ. ಆ 12 ವೋಲ್ಟ್ ಬ್ಯಾಟರಿಯನ್ನು ಬದಲಿಸಿ ಕೊಡುವುದಾಗಿ ಬರೆಸಿಕೊಂಡೆ.

ಆಮೇಲೆ ಲೆಡ್ಜರ್ ಹಾಳೆ ಹಿಡಿದು ಒಂದೂವರೆ ಗಂಟೆ ನೋಡಿದೆ. ಚಾಸಿಸ್‌ನ 17 ಅಕ್ಷರಾಂಕಗಳನ್ನು ಒಂದೊಂದಾಗಿ ಕಾಗದದೊಂದಿಗೆ ತಾಳೆ ಮಾಡಿದೆ. ಟೈರಿನ ಪಕ್ಕೆಯಲ್ಲಿ ಅಂಡಾಕಾರದ ಗೆರೆಯೊಳಗೆ 2225 ಎಂದಿತ್ತು, ಎಂದರೆ 2025ರ 22ನೆಯ ವಾರ ತಯಾರಾದದ್ದು. ನಾಲ್ಕೂ ಟೈರಿನದು ಹತ್ತಿರಹತ್ತಿರವಿರಬೇಕು. ಡಿಕ್ಕಿಯ ತಳದ ಹಲಗೆ ಎತ್ತಿದರೆ ಪಂಪು, ಸೀಲೆಂಟ್ ಬಾಟಲಿ, ಎಳೆಯಲು ಬಳಸುವ ಕೊಕ್ಕೆ ಇದ್ದವು. ಬಾಟಲಿಯ ಮೇಲೂ ಅವಧಿ ಮುಗಿಯುವ ದಿನಾಂಕವಿರುತ್ತದೆ. ಚಾರ್ಜರಿನ ಚೀಲ ಮಾತ್ರ ಅಲ್ಲಿರಲಿಲ್ಲ. ಕೇಳಿದರೆ "ಅದು ಷೋರೂಮಿನಲ್ಲಿದೆ, ಡೆಲಿವರಿ ದಿನ ಕೊಡುತ್ತೇವೆ" ಎಂದರು. ನನಗೆ ಇಂದೇ ನೋಡಬೇಕೆಂದು ಷೋರೂಮಿಗೆ ಹೋದೆ. ಅರ್ಧ ಗಂಟೆಯ ನಂತರ ತಂದುಕೊಟ್ಟ ಚೀಲದ ಜಿಪ್ಪಿನ ಸಂದಿಯಲ್ಲಿ ಕೆಮ್ಮಣ್ಣು. ಚಾರ್ಜರಿನ ಮೂರು ಪಿನ್ನುಗಳಲ್ಲಿ ಒಂದರ ಬುಡ ಕಂದು ಬಣ್ಣಕ್ಕೆ ತಿರುಗಿ, ಪ್ಲಾಸ್ಟಿಕ್ಕು ತುಸು ಕರಗಿದಂತಿತ್ತು. ಪೆಟ್ಟಿಗೆಯ ಹಿಂದಿನ ಸೀರಿಯಲ್ ಸಂಖ್ಯೆ ವಾರಂಟಿ ಕಾರ್ಡಿನಲ್ಲಿದ್ದ ಸಂಖ್ಯೆಯಾಗಿರಲಿಲ್ಲ. ಪ್ರದರ್ಶನದ ಕಾರಿನಲ್ಲಿ ಬಳಸಿದ ಚಾರ್ಜರನ್ನು ನನಗೆ ದಾಟಿಸುತ್ತಿದ್ದರು.

ಜಗಳವಾಡಲಿಲ್ಲ. ಎರಡೂ ಸಂಖ್ಯೆಗಳ ಫೋಟೋ ತೆಗೆದು ಅಲ್ಲೇ ನಿಂತು ಕಂಪನಿಗೆ ಇ-ಮೇಲ್ ಕಳುಹಿಸಿ, ಸರಿಯಾದ ಚಾರ್ಜರ್ ಬರುವವರೆಗೆ ಬಾಕಿ ಹಣದ ಡಿ.ಡಿ. ನನ್ನ ಬಳಿಯೇ ಇರುತ್ತದೆ ಎಂದೆ. ಒಂಬತ್ತು ದಿನ ಕಾದೆ. ಮನೆಯಲ್ಲಿ, ಒಂದು ವೈರಿಗಾಗಿ ಇಷ್ಟು ರಂಪವೇ ಎಂಬ ಮಾತು ಬಂತು. ನಡುವೆ ನನಗೂ ಬೇಸರ ಬಂದು, ಹೋಗಲಿ ತೆಗೆದುಕೊಂಡುಬಿಡೋಣ ಎನಿಸಿದ ರಾತ್ರಿ ಒಂದಿತ್ತು. ಬೆಳಗ್ಗೆ ಎದ್ದು ವಿಚಾರಿಸಿದಾಗ ಆ ಚಾರ್ಜರಿನ ಬಿಡಿ ಬೆಲೆ ಇಪ್ಪತ್ತು ಸಾವಿರ ದಾಟುತ್ತದೆಂದು ತಿಳಿದು ಮನಸ್ಸು ಗಟ್ಟಿಯಾಯಿತು. ಅಕ್ಟೋಬರ್ 20ರಂದು ಮುಚ್ಚಿದ ಪೆಟ್ಟಿಗೆಯಲ್ಲಿ ಹೊಸದು ಬಂತು. ಅಂದೇ ಹಣ ಕಟ್ಟಿದೆ, ಮರುದಿನವೇ ಕೆಎ-17ರ ಸಂಖ್ಯೆಯೂ ಬಂತು. ಹಸಿರು ಹಲಗೆಯ ಮೇಲೆ ಬಿಳಿ ಅಕ್ಷರ, ಮುಂಗಾಜಿಗೆ ಫಾಸ್ಟ್ಯಾಗ್. ಕಾಗದಗಳ ಪೈಕಿ ಇನ್‌ವಾಯ್ಸ್, ಫಾರಂ 21 (ಮಾರಾಟ ಪತ್ರ), ಫಾರಂ 22 (ಕಾರು ರಸ್ತೆಗೆ ಯೋಗ್ಯವೆಂಬ ತಯಾರಕರ ಪತ್ರ), ವಿಮೆ, ಕಾರಿನ ವಾರಂಟಿ ಇವೆಲ್ಲ ಕೇಳದೆಯೇ ಬರುತ್ತವೆ. ದೊಡ್ಡ ಬ್ಯಾಟರಿಯ ವಾರಂಟಿ ಮತ್ತು ಚಾರ್ಜರಿನ ವಾರಂಟಿ ಪ್ರತ್ಯೇಕ, ಅವೆರಡನ್ನು ಕೇಳಿ ಪಡೆಯಬೇಕು. ಬ್ಯಾಟರಿಗೆ ನನಗೆ ಸಿಕ್ಕಿರುವುದು 8 ವರ್ಷ ಅಥವಾ 1,60,000 ಕಿ.ಮೀ., ಯಾವುದು ಮೊದಲೋ ಅದು.

ವಿ2ಎಲ್ ಅಡಾಪ್ಟರಿಗೆ ಹಣ ಕಟ್ಟಿದ್ದೇನೆ, ಇನ್ನೂ ಬಂದಿಲ್ಲ, "ಮುಂದಿನ ವಾರ" ಎನ್ನುತ್ತಿದ್ದಾರೆ.

ಕಳೆದ ವಾರ ಬ್ಯಾಂಕಿನಲ್ಲಿ ಈ ಕಥೆಯನ್ನೆಲ್ಲ ಹೇಳುತ್ತಿದ್ದಾಗ, ಇದೇ ಕಾರನ್ನು ದಸರಾ ಹೊತ್ತಿಗೆ ಕೊಂಡಿದ್ದ ಸಹೋದ್ಯೋಗಿಯೊಬ್ಬರು ಸುಮ್ಮನೆ ಕೇಳಿಸಿಕೊಂಡು, ಊಟದ ಬಿಡುವಿನಲ್ಲಿ ನನ್ನನ್ನು ಪಾರ್ಕಿಂಗಿಗೆ ಕರೆದೊಯ್ದರು. ಅವರು ಕಿಟ್ಟಿಗೆ ಪೂರ್ತಿ 27,900 ಕೊಟ್ಟವರು. ಅವರ ಡಿಕ್ಕಿಯಲ್ಲಿ ಕಿಟ್ಟಿನ ಪಂಪು, ಕೆಂಪು ತ್ರಿಕೋನ, ಚಿಕಿತ್ಸೆಯ ಪೆಟ್ಟಿಗೆ ಓರಣವಾಗಿದ್ದವು. ಇಬ್ಬರೂ ಸೇರಿ ತಳದ ಹಲಗೆ ಎತ್ತಿದೆವು. ಕೆಳಗೆ, ಕಂಪನಿಯ ಪ್ಲಾಸ್ಟಿಕ್ ಚೀಲವನ್ನೂ ಬಿಚ್ಚದೆ, ಇನ್ನೊಂದು ಪಂಪು, ಇನ್ನೊಂದು ತ್ರಿಕೋನ, ಇನ್ನೊಂದು ಚಿಕಿತ್ಸೆಯ ಪೆಟ್ಟಿಗೆ ಇದ್ದವು. ಅವರು ಸ್ವಲ್ಪ ಹೊತ್ತು ನೋಡಿ, ಹಲಗೆಯನ್ನು ಮೆಲ್ಲಗೆ ಮುಚ್ಚಿ, "ಮನೆಯಲ್ಲಿ ಹೇಳಬೇಡಿ ಸಾರ್" ಎಂದರು.